ದೊಡ್ಡ ಕುಟುಂಬ, ಕೆಟ್ಟ ರಸ್ತೆ ಮತ್ತು ಫೋರ್ ಬೈ ಫೋರ್ ಎಂಬ ತಪ್ಪು ಲೆಕ್ಕ

ಏಳೆಂಟು ಜನರ ಕುಟುಂಬವೊಂದು ಊರಿಗೆ, ದೇವಸ್ಥಾನಕ್ಕೆ, ಬೆಟ್ಟಗುಡ್ಡಗಳ ಕಡೆಗೆ ಒಟ್ಟಿಗೆ ಹೋಗಿಬರಲು ಗಾಡಿ ಕೊಳ್ಳಬೇಕೆಂದರೆ ಕರ್ನಾಟಕದಲ್ಲಿ ಸಿಗುವ ಸಲಹೆ ಬಹುಮಟ್ಟಿಗೆ ಒಂದೇ: ಏಳು ಸೀಟಿನ, ಎತ್ತರದ, ಕೈಗೆಟುಕಿದರೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಎಸ್‌ಯುವಿ. ಮಲೆನಾಡಿನ ರಸ್ತೆ ಕೆಟ್ಟದ್ದು, ಮಳೆ ಜೋರು, ಜನ ಜಾಸ್ತಿ. ಆದ್ದರಿಂದ ಗಾಡಿ ದೊಡ್ಡದಿರಬೇಕು, ಗಟ್ಟಿಯಿರಬೇಕು, ಫೋರ್ ಬೈ ಫೋರ್ ಆಗಿರಬೇಕು ಎಂಬುದು ಇದರ ಹಿಂದಿನ ತರ್ಕ. ಶೋರೂಮಿನಲ್ಲೂ ಮದುವೆಮನೆಯ ಪಂಕ್ತಿಯಲ್ಲೂ ಇದನ್ನೇ ಹೇಳುತ್ತಾರೆ. ಕೇಳಲು ಸರಿಯೆನಿಸುವ ಈ ಮಾತು ಬಿಡಿಸಿ ನೋಡಿದರೆ ನಿಲ್ಲುವುದಿಲ್ಲ. ರಸ್ತೆ ಯಾವುದು ಎಂಬುದನ್ನು ಅದು ತಪ್ಪಾಗಿ ಎಣಿಸಿದೆ, ನಾಲ್ಕು ಚಕ್ರದ ಬಲ ಏನು ಮಾಡುತ್ತದೆ ಎಂಬುದನ್ನು ತಪ್ಪಾಗಿ ತಿಳಿದಿದೆ, ಗಾಡಿಯೊಳಗೆ ಯಾರು ಎಲ್ಲಿ ಕೂರುತ್ತಾರೆ ಎಂಬುದನ್ನಂತೂ ಕೇಳಿಯೇ ಇಲ್ಲ. ಮೂರನೆಯ ತಪ್ಪೇ ಎಲ್ಲಕ್ಕಿಂತ ಅಪಾಯದ್ದು.

ಮೊದಲು ರಸ್ತೆಯ ವಿಚಾರ. ಬೆಂಗಳೂರಿನಿಂದ ಹೊರಟ ಕುಟುಂಬ ಶೃಂಗೇರಿಗೋ ಹೊರನಾಡಿಗೋ ಧರ್ಮಸ್ಥಳಕ್ಕೋ ಕೊಲ್ಲೂರಿಗೋ ಹೋಗುವಾಗ ದಾರಿಯ ಬಹುಪಾಲು ಹೆದ್ದಾರಿ. ಉಳಿದದ್ದರಲ್ಲಿ ದೊಡ್ಡ ಪಾಲು ಘಾಟಿಯ ಡಾಂಬರು ಅಥವಾ ಕಾಂಕ್ರೀಟು. ಶಿರಾಡಿ, ಚಾರ್ಮಾಡಿ, ಆಗುಂಬೆ ಯಾವುದೂ ಕಾಡುದಾರಿಯಲ್ಲ. ಆಗುಂಬೆಯ 14 ಹೇರ್‌ಪಿನ್ ತಿರುವುಗಳು ಕಡಿದಾಗಿವೆ, ಕಿರಿದಾಗಿವೆ, ಮಳೆಗಾಲದಲ್ಲಿ ಅಲ್ಲಿ ಭಾರಿ ವಾಹನಗಳನ್ನು ತಡೆಯುವುದೂ ಉಂಟು. ಆದರೂ ಅದು ಡಾಂಬರು ಹಾಕಿದ ರಸ್ತೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಮುಚ್ಚಿದ್ದು ಗುಡ್ಡ ಕುಸಿದದ್ದರಿಂದ. ಗುಡ್ಡವೇ ರಸ್ತೆಗೆ ಬಂದು ಬಿದ್ದಾಗ ಯಾವ ಗಾಡಿಯ ಯಾವ ಗೇರೂ ನೆರವಾಗುವುದಿಲ್ಲ.

ಮಲೆನಾಡಿನ ಹಳ್ಳಿ ರಸ್ತೆಗಳಿಗೆ ಫೋರ್ ಬೈ ಫೋರ್ ಬೇಕೇ ಬೇಕು ಎನ್ನುವವರು ಅದೇ ರಸ್ತೆಗಳಲ್ಲಿ ದಿನವೂ ಓಡುವ ಬಸ್ಸುಗಳನ್ನು ನೋಡಬೇಕು. ಸರ್ಕಾರಿ ಸಾರಿಗೆಯ ಬಸ್ಸುಗಳಿಗೂ ಖಾಸಗಿ ಬಸ್ಸುಗಳಿಗೂ ಬಲ ಹೋಗುವುದು ಹಿಂದಿನ ಚಕ್ರಗಳಿಗೆ ಮಾತ್ರ. ಕೊಪ್ಪದ ಸಹಕಾರ ಸಾರಿಗೆಯ ಬಸ್ಸುಗಳು ಶೃಂಗೇರಿ, ತೀರ್ಥಹಳ್ಳಿ, ಹೊಸನಗರದ ಸೀಮೆಯ ಒಳಹಳ್ಳಿಗಳಿಗೆ ಜಡಿಮಳೆಯಲ್ಲಿ ವರ್ಷಗಟ್ಟಲೆ ಓಡಿದ್ದು ಎರಡು ಚಕ್ರದ ಬಲದಿಂದಲೇ. ಕರ್ನಾಟಕದ ದೊಡ್ಡ ಕುಟುಂಬಗಳನ್ನು ಮೂರು ದಶಕ ಹೊತ್ತ ಗಾಡಿಗಳೂ ಹೆಚ್ಚಾಗಿ ಅಂಥವೇ. 1994ರಲ್ಲಿ ಬಂದ ಟಾಟಾ ಸುಮೋ, 2000ದಲ್ಲಿ ಬಿಡದಿಯ ಕಾರ್ಖಾನೆಯಿಂದ ಹೊರಬಂದ ಟೊಯೋಟಾ ಕ್ವಾಲಿಸ್, 2005ರಲ್ಲಿ ಅದರ ಜಾಗಕ್ಕೆ ಬಂದ ಇನ್ನೋವಾ, 2016ರ ಇನ್ನೋವಾ ಕ್ರಿಸ್ಟಾ: ಕ್ವಾಲಿಸ್ಸಿನಿಂದ ಕ್ರಿಸ್ಟಾದವರೆಗೆ ಹಿಂದಿನ ಚಕ್ರದ ಬಲದಲ್ಲೇ ಓಡಿದವು. ಲಡಾಖಿನಲ್ಲಿ ಪ್ಯಾಂಗಾಂಗ್ ಸರೋವರಕ್ಕೂ ನುಬ್ರಾ ಕಣಿವೆಗೂ ಪ್ರವಾಸಿಗರನ್ನು ಒಯ್ಯುವ ಟ್ಯಾಕ್ಸಿಗಳಲ್ಲಿ ಇನ್ನೋವಾ ಮತ್ತು ಟೆಂಪೊ ಟ್ರಾವೆಲರ್‌ಗಳೇ ಹೇರಳ. ಅಲ್ಲಿನ ಚಾಲಕರಿಗೆ ಗಾಡಿಯೇ ಜೀವನೋಪಾಯ. ಬೇಕಿಲ್ಲದ್ದಕ್ಕೆ ಅವರು ದುಡ್ಡು ಸುರಿಯುವುದಿಲ್ಲ, ಬೇಕಾದದ್ದನ್ನು ಬಿಡುವುದೂ ಇಲ್ಲ.

ನಿಜವಾಗಿ ಫೋರ್ ಬೈ ಫೋರ್ ಬೇಡುವ ಜಾಗಗಳು ಕರ್ನಾಟಕದಲ್ಲಿ ಇಲ್ಲವೆಂದಲ್ಲ. ಕೊಡಚಾದ್ರಿಯ ಮೇಲಕ್ಕೆ ಹತ್ತುವ ಕೊರಕಲು ದಾರಿ, ಮಡಿಕೇರಿಯಾಚೆ ಮಾಂದಲಪಟ್ಟಿಯ ಕೊನೆಯ ಹಾದಿ ಅಂಥವು. ಆದರೆ ಅಲ್ಲಿ ಸ್ಥಳೀಯರ ಜೀಪುಗಳಿವೆ. ಕೊಲ್ಲೂರಿನಲ್ಲಿ, ಮಡಿಕೇರಿಯಲ್ಲಿ ಬಾಡಿಗೆಗೆ ನಿಂತ ಆ ಜೀಪುಗಳ ಚಾಲಕರಿಗೆ ಯಾವ ಕಲ್ಲಿನ ಮೇಲೆ ಚಕ್ರ ಇಡಬೇಕು, ಯಾವ ಕೊರಕಲು ಮೊನ್ನೆಯ ಮಳೆಗೆ ಆಳವಾಗಿದೆ ಎಂಬುದು ತಿಳಿದಿರುತ್ತದೆ. ವರ್ಷಕ್ಕೊಮ್ಮೆ ಬರುವ ಪಟ್ಟಣದ ಚಾಲಕನಿಗೆ ಆ ತಿಳಿವಳಿಕೆ ಗಾಡಿಯ ಜೊತೆಗೆ ಬರುವುದಿಲ್ಲ. ಕೆಲವೇ ಕಿಲೋಮೀಟರಿನ ಆ ಹಾದಿಗೆಂದು ಉಳಿದ ಸಾವಿರಾರು ಕಿಲೋಮೀಟರಿನ ಗಾಡಿಯನ್ನು ಆರಿಸುವುದು ಲೆಕ್ಕದ ದೃಷ್ಟಿಯಿಂದಲೇ ತಪ್ಪು. ಹೀಗೆ ಆರಿಸಿದವರು ಸ್ಥಳೀಯನೊಬ್ಬನ ದುಡಿಮೆಯನ್ನೂ ಕಸಿಯುತ್ತಾರೆ.

ಎರಡನೆಯದು, ನಾಲ್ಕು ಚಕ್ರದ ಬಲ ಎಂದರೇನು ಎಂಬುದು. ಭಾರತದಲ್ಲಿ ಮಾರಾಟವಾಗುವ ದೊಡ್ಡ ಫೋರ್ ಬೈ ಫೋರ್‌ಗಳಲ್ಲಿ ಮುಖ್ಯವಾದವು, ಅಂದರೆ ಫಾರ್ಚ್ಯೂನರ್, ಸ್ಕಾರ್ಪಿಯೊ-ಎನ್, ಫೋರ್ಸ್ ಗೂರ್ಖಾ, ಬೇಕಾದಾಗ ಮಾತ್ರ ನಾಲ್ಕು ಚಕ್ರಕ್ಕೆ ಬಲ ಕೊಡುವ ಬಗೆಯವು. ಗಾಡಿ ತಿರುಗುವಾಗ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸುತ್ತವೆ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳನ್ನು ಒಂದಕ್ಕೊಂದು ಬಿಗಿದು ಕಟ್ಟಿದರೆ ಈ ವ್ಯತ್ಯಾಸ ಸರಿದೂಗುವುದಕ್ಕೆ ಕೆಸರಿನಲ್ಲೋ ಜಲ್ಲಿಯಲ್ಲೋ ಚಕ್ರ ಒಂದಿಷ್ಟು ಜಾರಬೇಕು. ಒಣ ಡಾಂಬರಿನ ಮೇಲೆ ಜಾರುವುದಿಲ್ಲ. ಆಗ ಗೇರುಗಳೂ ಶಾಫ್ಟುಗಳೂ ಸೆಳೆತಕ್ಕೆ ಸಿಕ್ಕಿ ಹಾಳಾಗುತ್ತವೆ, ಸ್ಟೀರಿಂಗ್ ಬಿಗಿಯಾಗುತ್ತದೆ. ಹಾಗಾಗಿ ಒಣ ರಸ್ತೆಯಲ್ಲಿ ಈ ಸೌಲಭ್ಯವನ್ನು ಬಳಸಲೇಬಾರದೆಂದು ಗಾಡಿಯ ಕೈಪಿಡಿಯೇ ಹೇಳುತ್ತದೆ. ಪ್ರಯಾಣದ ಬಹುಪಾಲು ಸಮಯ ಆ ಗಾಡಿ ಹಿಂದಿನ ಚಕ್ರದ ಬಲದ, ಹೆಚ್ಚುವರಿ ಕಬ್ಬಿಣ ಹೊತ್ತ, ಹೆಚ್ಚು ಡೀಸೆಲ್ ಕುಡಿಯುವ ಗಾಡಿ ಮಾತ್ರ.

ಅದಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಸುರಕ್ಷತೆಯದು. ನಾಲ್ಕು ಚಕ್ರದ ಬಲ ಗಾಡಿಯನ್ನು ಮುಂದಕ್ಕೆ ತಳ್ಳಲು ನೆರವಾಗುತ್ತದೆ, ನಿಲ್ಲಿಸಲು ನೆರವಾಗುವುದಿಲ್ಲ. ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕೂ ಚಕ್ರಕ್ಕೆ ಇರುತ್ತದೆ. ಒದ್ದೆ ಘಾಟಿಯ ಇಳಿಜಾರಿನಲ್ಲಿ ಗಾಡಿ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ಟೈರಿನ ರಬ್ಬರು, ಟೈರಿನ ಗಾಳಿ, ಗಾಡಿಯ ವೇಗ ಮತ್ತು ಬ್ರೇಕಿನ ಕಾವು. ಭಾರ ಹೆಚ್ಚಿದಷ್ಟೂ ಬ್ರೇಕು ಬಿಸಿಯಾಗುತ್ತದೆ. ಕಡಿದಾದ ಕೆಸರಿನ ಇಳಿಜಾರಿನಲ್ಲಿ ಫೋರ್ ಬೈ ಫೋರ್ ಗಾಡಿಯ ಲೋ ಗೇರು ಎಂಜಿನ್ನಿನಿಂದಲೇ ವೇಗ ಹಿಡಿದಿಡುತ್ತದೆ ಎಂಬುದು ನಿಜ, ಅದು ದೊಡ್ಡ ಅನುಕೂಲವೇ. ಆದರೆ ಆಗುಂಬೆ ಇಳಿಯುವಾಗ ಅದನ್ನು ಯಾರೂ ಹಾಕುವುದಿಲ್ಲ. ಅಲ್ಲಿ ಬೇಕಾದದ್ದು ಸಾಮಾನ್ಯ ಗಾಡಿಯ ಎರಡನೇ ಗೇರು ಮತ್ತು ಚಾಲಕನ ಸಂಯಮ. ಮಲೆನಾಡಿನ ಎಸ್ಟೇಟುಗಳಲ್ಲಿ ಜೀಪು ಓಡಿಸುವವರು ಮಳೆಗಾಲದಲ್ಲಿ ಚಕ್ರಕ್ಕೆ ಚೈನು ಕಟ್ಟುತ್ತಾರೆ. ಎಂಜಿನ್ನಿನ ಬಲ ಎಷ್ಟು ಚಕ್ರಕ್ಕೆ ಹೋದರೂ ನೆಲದ ಹಿಡಿತ ಸಿಗುವುದು ಟೈರಿನ ಅಡಿಯಲ್ಲೇ ಎಂಬುದು ಅವರಿಗೆ ಗೊತ್ತು. ಲಕ್ಷಾಂತರ ರೂಪಾಯಿ ಕೊಟ್ಟು ಫೋರ್ ಬೈ ಫೋರ್ ಕೊಂಡು ಸವೆದ ಟೈರಿನಲ್ಲೇ ಘಾಟಿ ಇಳಿಯುವ ಕುಟುಂಬಕ್ಕಿಂತ, ಎರಡು ಚಕ್ರದ ಬಲದ ಗಾಡಿಗೆ ಮಳೆಗಾಲಕ್ಕೆ ಮುನ್ನ ಹೊಸ ಟೈರು ಹಾಕಿಸಿದ ಕುಟುಂಬ ಹೆಚ್ಚು ಸುರಕ್ಷಿತ.

ಉಕ್ಕಿದ ಹಳ್ಳ ದಾಟುವ ವಿಷಯದಲ್ಲಂತೂ ಈ ಭ್ರಮೆ ಪ್ರಾಣಕ್ಕೇ ಎರವಾಗುತ್ತದೆ. ಗೂರ್ಖಾ 700 ಮಿಲಿಮೀಟರ್ ಆಳದ ನೀರಿನಲ್ಲಿ ಹಾಯಬಲ್ಲದು ಎಂದು ಅದರ ತಯಾರಕರು ಹೇಳುತ್ತಾರೆ. ಎಂಜಿನ್ನಿಗೆ ನೀರು ನುಗ್ಗದೆ ಹೋಗಬಹುದಾದ ಆಳ ಅದು. ಹರಿವಿನ ಸೆಳೆತ ಅದರಲ್ಲಿ ಲೆಕ್ಕಕ್ಕಿಲ್ಲ. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ದಶಕಗಳಿಂದ ಕೊಡುತ್ತಿರುವ ಎಚ್ಚರಿಕೆಯ ಪ್ರಕಾರ ಸುಮಾರು 30 ಸೆಂಟಿಮೀಟರ್ ಆಳದ ಹರಿಯುವ ನೀರು ಸಣ್ಣ ಕಾರನ್ನು ತೇಲಿಸುತ್ತದೆ, ಸುಮಾರು 60 ಸೆಂಟಿಮೀಟರ್ ನೀರು ಎಸ್‌ಯುವಿಗಳನ್ನೂ ಸೇರಿಸಿ ಬಹುತೇಕ ಗಾಡಿಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ತೇಲುವ ಗಾಡಿಯ ನಾಲ್ಕು ಚಕ್ರಕ್ಕೆ ಬಲ ಕೊಟ್ಟರೂ ಅಷ್ಟೇ, ಎರಡಕ್ಕೆ ಕೊಟ್ಟರೂ ಅಷ್ಟೇ. ಸಣ್ಣ ಕಾರಿನವನು ಮುಳುಗಿದ ಸೇತುವೆಯ ಮುಂದೆ ನಿಂತು ಹಿಂದಿರುಗುತ್ತಾನೆ. ದೊಡ್ಡ ಗಾಡಿಯವನಿಗೆ ಮುಂದೆ ಹೋಗುವ ಧೈರ್ಯ ಬರುತ್ತದೆ. ಏಳೆಂಟು ಜೀವಗಳನ್ನು ಹೊತ್ತ ಗಾಡಿಗೆ ಈ ಧೈರ್ಯ ಬರಬಾರದು.

ಎತ್ತರದ ಗಾಡಿ ಎಂಬ ಮಾತಿನ ಆಧಾರ ಗ್ರೌಂಡ್ ಕ್ಲಿಯರೆನ್ಸ್. ಈ ಅಂಕಿಯನ್ನು ಕೊಳ್ಳುವವರು ಪವಿತ್ರವೆಂಬಂತೆ ಕೇಳಿ ತಿಳಿಯುತ್ತಾರೆ, ಆದರೆ ಅದನ್ನು ಹೇಗೆ ಅಳೆದರು ಎಂದು ಕೇಳುವುದಿಲ್ಲ. 2023ರ ಜುಲೈನಲ್ಲಿ ಜಿಎಸ್‌ಟಿ ಮಂಡಳಿ ಯಾವ ಗಾಡಿಗೆ 22 ಶೇಕಡಾ ಸೆಸ್ ಹಾಕಬೇಕೆಂದು ಸ್ಪಷ್ಟಪಡಿಸಿತು: ಉದ್ದ ನಾಲ್ಕು ಮೀಟರಿಗಿಂತ ಹೆಚ್ಚು, ಎಂಜಿನ್ 1500 ಸಿಸಿಗಿಂತ ಹೆಚ್ಚು, ಗ್ರೌಂಡ್ ಕ್ಲಿಯರೆನ್ಸ್ 170 ಮಿಲಿಮೀಟರ್ ಅಥವಾ ಹೆಚ್ಚು. ಆ ಎತ್ತರವನ್ನು ಭಾರವಿಲ್ಲದ ಗಾಡಿಯಲ್ಲೇ ಅಳೆಯಬೇಕು ಎಂದೂ ಹೇಳಿತು. ಆ ಸೆಸ್ 2025ರ ಸೆಪ್ಟೆಂಬರ್ 22ರಿಂದ ಹೋಗಿ ದೊಡ್ಡ ಗಾಡಿಗಳಿಗೆ 40 ಶೇಕಡಾ ತೆರಿಗೆ ಬಂದಿದೆ. ಆದರೆ ಖಾಲಿ ಗಾಡಿಯ ಎತ್ತರಕ್ಕೂ ತುಂಬಿದ ಗಾಡಿಯ ಎತ್ತರಕ್ಕೂ ವ್ಯತ್ಯಾಸವಿದೆ ಎಂಬುದನ್ನು ತೆರಿಗೆಯವರೇ ಎತ್ತಿ ಹೇಳಬೇಕಾಯಿತು. ಏಳು ಜನರೂ ಸಾಮಾನೂ ತುಂಬಿದಾಗ ಹಿಂಭಾಗದ ಸ್ಪ್ರಿಂಗುಗಳು ಕುಗ್ಗಿ ಗಾಡಿ ಹಲವು ಸೆಂಟಿಮೀಟರ್ ಕೆಳಗಿಳಿಯುತ್ತದೆ. ಗಟ್ಟಿ ಆಕ್ಸಲ್ ಇರುವ ಗಾಡಿಗಳಲ್ಲಿ ಡಿಫರೆನ್ಷಿಯಲ್‌ನ ಗುಂಡು ಇದ್ದಲ್ಲೇ ಇರುತ್ತದೆ, ಆದರೆ ಸೈಲೆನ್ಸರು, ಫುಟ್‌ಬೋರ್ಡು, ಹಿಂದಿನ ಬಂಪರು ಇಳಿಯುತ್ತವೆ. ಊರಿನ ಮನೆಯ ಮುಂದಿನ ಏರಿಯಲ್ಲಿ ಮೊದಲು ತಾಗುವುದು ಅವೇ. ಗಾಡಿ ಉದ್ದವಿದ್ದಷ್ಟೂ ಹೊಟ್ಟೆ ಬದುವಿಗೆ ತಾಗುವ ಸಂಭವ ಹೆಚ್ಚು. ಬ್ರೋಷರಿನಲ್ಲಿ ಹತ್ತು ಮಿಲಿಮೀಟರ್ ಹೆಚ್ಚಿರುವ ಗಾಡಿಯನ್ನು ಆರಿಸಿ, ಕ್ಯಾರಿಯರ್ ಮೇಲೆ ಮೂಟೆ ಹೇರಿ ಅದರ ಮೂರರಷ್ಟನ್ನು ಕಳೆದುಕೊಳ್ಳುವುದು ಎಲ್ಲೆಲ್ಲೂ ನಡೆಯುತ್ತಿದೆ.

ಭಾರದ ಲೆಕ್ಕವನ್ನು ಯಾರೂ ಮಾಡುವುದೇ ಇಲ್ಲ ಎಂದರೂ ತಪ್ಪಾಗದು. ಪ್ರತಿ ಗಾಡಿಗೂ ಹೊರಬಹುದಾದ ಭಾರದ ಮಿತಿ ಇದೆ: ತುಂಬಿದ ಗಾಡಿಯ ಗರಿಷ್ಠ ತೂಕದಿಂದ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದು. ಏಳು ಸೀಟಿನ ಬಹುತೇಕ ಎಸ್‌ಯುವಿಗಳಲ್ಲಿ ಅದು 500ರಿಂದ 650 ಕಿಲೋ ಆಸುಪಾಸು. ಐವರು ದೊಡ್ಡವರು ತಲಾ 65 ಕಿಲೋದಂತೆ 325, ಇಬ್ಬರು ಮಕ್ಕಳು 60, ಏಳು ಜನರ ಬಟ್ಟೆಬರೆ 85. ಇಲ್ಲಿಗೇ 470 ಆಯಿತು. ಊರಿನಿಂದ ಮರಳುವಾಗ ಅಕ್ಕಿ ಮೂಟೆ, ತೆಂಗಿನಕಾಯಿ, ಬಾಳೆಗೊನೆ, ಹಲಸಿನಹಣ್ಣು, ಉಪ್ಪಿನಕಾಯಿ ಜಾಡಿ ಸೇರಿದರೆ 550 ದಾಟುತ್ತದೆ. ಹೊರಗಿನಿಂದ ಹಾಕಿಸಿದ ಕಬ್ಬಿಣದ ಕ್ಯಾರಿಯರ್, ಮುಂದಿನ ಕ್ರ್ಯಾಶ್ ಗಾರ್ಡ್ ಕೂಡ ಇದೇ ಲೆಕ್ಕಕ್ಕೆ ಬರುತ್ತವೆ. ಕ್ರ್ಯಾಶ್ ಗಾರ್ಡುಗಳ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ತಿಳಿಸಿತ್ತು. ಆದರೂ ಅವು ಇಂದಿಗೂ ದೊಡ್ಡ ಗಾಡಿಯ ಅಲಂಕಾರವಾಗಿ ಉಳಿದಿರುವುದು ವಿಷಾದದ ಸಂಗತಿ. ಫೋರ್ ಬೈ ಫೋರ್‌ನ ಹೆಚ್ಚುವರಿ ಶಾಫ್ಟು, ಗೇರುಪೆಟ್ಟಿಗೆಗಳ ತೂಕ ಖಾಲಿ ಗಾಡಿಯ ತೂಕಕ್ಕೇ ಸೇರುವುದರಿಂದ, ಗರಿಷ್ಠ ತೂಕ ಅಷ್ಟೇ ಇದ್ದಲ್ಲಿ ಜನರಿಗೂ ಸಾಮಾನಿಗೂ ಉಳಿಯುವ ಪಾಲು ಇನ್ನೂ ಕಡಿಮೆ. ದೊಡ್ಡ ಕುಟುಂಬಕ್ಕೆಂದೇ ಕೊಂಡ ಸೌಲಭ್ಯ ದೊಡ್ಡ ಕುಟುಂಬದ ಪಾಲನ್ನೇ ಕಡಿತಗೊಳಿಸುತ್ತದೆ.

ಭಾರ ಎಷ್ಟು ಎಂಬುದರಷ್ಟೇ ಮುಖ್ಯ ಅದು ಎಷ್ಟು ಎತ್ತರದಲ್ಲಿದೆ ಎಂಬುದು. ಗಾಡಿ ಮಗುಚುವ ಸಂಭವವನ್ನು ಅಳೆಯುವ ಸರಳ ಸೂತ್ರವಿದೆ: ಎಡಬಲ ಚಕ್ರಗಳ ನಡುವಿನ ಅಗಲದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಬೇಕು. ಉತ್ತರ ಚಿಕ್ಕದಾದಷ್ಟೂ ಅಪಾಯ ಹೆಚ್ಚು. ತಗ್ಗಿನ ಕಾರುಗಳಲ್ಲಿ ಇದು 1.3ರಿಂದ 1.5, ಎಸ್‌ಯುವಿಗಳಲ್ಲಿ ಸುಮಾರು 1ರಿಂದ 1.3. ಜನ ತುಂಬಿ, ಚಾವಣಿಯ ಮೇಲೆ ಸಾಮಾನು ಹೇರಿದಂತೆ ಗುರುತ್ವ ಕೇಂದ್ರ ಮೇಲಕ್ಕೂ ಹಿಂದಕ್ಕೂ ಸರಿಯುತ್ತದೆ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ 2001ರಲ್ಲಿ 15 ಸೀಟಿನ ವ್ಯಾನುಗಳ ಕುರಿತು ಪ್ರಕಟಿಸಿದ ಅಧ್ಯಯನ ಇದನ್ನು ಬಯಲಿಗೆ ತಂದಿತು: ಹತ್ತು ಅಥವಾ ಹೆಚ್ಚು ಜನ ಕುಳಿತ ವ್ಯಾನು ಒಂಟಿಯಾಗಿ ಅಪಘಾತಕ್ಕೀಡಾದಾಗ ಮಗುಚುವ ಪ್ರಮಾಣ, ಕಡಿಮೆ ಜನರಿದ್ದ ಅದೇ ವ್ಯಾನಿನ ಸುಮಾರು ಮೂರು ಪಟ್ಟು. ಅದಕ್ಕೂ ಒಂದು ವರ್ಷ ಮೊದಲು, 2000ದ ಆಗಸ್ಟಿನಲ್ಲಿ, ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಅವುಗಳಲ್ಲಿ ಬಹಳಷ್ಟು ಫೋರ್ಡ್ ಎಕ್ಸ್‌ಪ್ಲೋರರ್ ಎಂಬ, ಅಮೆರಿಕದ ಕುಟುಂಬಗಳ ಅಚ್ಚುಮೆಚ್ಚಿನ ಎಸ್‌ಯುವಿಯಲ್ಲಿದ್ದವು. ಬಿಸಿಲಿನ ಹೆದ್ದಾರಿಯಲ್ಲಿ, ಕಡಿಮೆ ಗಾಳಿಯ ಟೈರಿನ ಮೇಲ್ಪದರ ಕಿತ್ತುಬಂದು ಎತ್ತರದ ಗಾಡಿಗಳು ಮಗುಚಿದವು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ವರ್ಷ ಅಲ್ಲಿನ ಸಂಸತ್ತು ಟೈರಿನ ಗಾಳಿ ಸೂಚಕವನ್ನೂ ಮಗುಚುವಿಕೆಯ ಪರೀಕ್ಷೆಯನ್ನೂ ಕಡ್ಡಾಯ ಮಾಡುವ ಕಾನೂನು ತಂದಿತು. ದೊಡ್ಡ ಎಸ್‌ಯುವಿ ಕುಟುಂಬವನ್ನು ಕಾಪಾಡುತ್ತದೆ ಎಂಬ ನಂಬಿಕೆ ಆ ದೇಶದಲ್ಲಿ ಎಂಥ ಬೆಲೆ ತೆರುವಂತೆ ಮಾಡಿತು ಎಂಬುದನ್ನು ಇಲ್ಲಿಯ ಕೊಳ್ಳುವವರಿಗೆ ಯಾರೂ ಹೇಳುತ್ತಿಲ್ಲ.

ಜಾರುವ ಗಾಡಿಯನ್ನು ತಾನಾಗಿ ಹಿಡಿದು ನೇರಗೊಳಿಸುವ ಇಎಸ್‌ಸಿ ಎಂಬ ವ್ಯವಸ್ಥೆ ಮಗುಚುವ ಅಪಾಯವನ್ನು ಬಹಳ ಕಡಿಮೆ ಮಾಡುತ್ತದೆ. ಅಮೆರಿಕದಲ್ಲಿ 2012ರ ಮಾದರಿಯಿಂದ ಎಲ್ಲ ಕಾರು, ಎಸ್‌ಯುವಿಗಳಿಗೂ ಅದು ಕಡ್ಡಾಯ. ಘಾಟಿಯಲ್ಲಿ ಓಡಾಡುವ ಕುಟುಂಬಕ್ಕೆ ಫೋರ್ ಬೈ ಫೋರ್‌ಗಿಂತ ಇದು ಎಷ್ಟೋ ಪಾಲು ಮುಖ್ಯ. ಆದರೂ ಶೋರೂಮಿನಲ್ಲಿ ಮೊದಲ ಪ್ರಶ್ನೆ ಫೋರ್ ಬೈ ಫೋರ್ ಕುರಿತೇ ಇರುತ್ತದೆ.

ಇನ್ನು ಮೂರನೇ ಸಾಲು. ಪ್ರಚಲಿತ ಸಲಹೆಯ ನಿಜವಾದ ಕ್ರೌರ್ಯ ಅಡಗಿರುವುದು ಇಲ್ಲಿ. ದೊಡ್ಡ ಎಸ್‌ಯುವಿಯನ್ನು ಹೊಗಳುವವರು ಮುಂದಿನ ಸೀಟಿನಿಂದ ಮಾತಾಡುತ್ತಾರೆ: ಎತ್ತರದ ನೋಟ, ಎಂಜಿನ್ನಿನ ಸೆಳೆತ, ರಸ್ತೆಯ ಮೇಲಿನ ಗತ್ತು ಎಲ್ಲವೂ ಅಲ್ಲಿಂದ ಕಾಣುವಂಥವು. ಹಿಂದಿನ ಸಾಲಿನಲ್ಲಿ ಕೂರುವವರು ಯಾರು? ಮನೆಯಲ್ಲಿ ಮಾತು ಕಡಿಮೆ ನಡೆಯುವವರು: ಮಕ್ಕಳು, ಅತ್ತಿಗೆ ನಾದಿನಿಯರು, ಕೆಲವೊಮ್ಮೆ ಅಜ್ಜಿ. ಚೌಕಟ್ಟಿನ ಮೇಲೆ ಕಟ್ಟಿದ ಎತ್ತರದ ಗಾಡಿಗಳಲ್ಲಿ ಮೂರನೇ ಸಾಲಿನ ನೆಲ ಮೇಲಿರುತ್ತದೆ, ಸೀಟು ತಗ್ಗಿರುತ್ತದೆ; ಮೊಣಕಾಲು ಎದೆಯ ಮಟ್ಟಕ್ಕೆ ಬರುತ್ತದೆ. ಸೀಟು ಹಿಂದಿನ ಆಕ್ಸಲ್ಲಿನ ಮೇಲೋ ಅದರ ಹಿಂದೆಯೋ ಇರುವುದರಿಂದ ಪ್ರತಿ ಗುಂಡಿಯ ಏಟು ಬೆನ್ನುಹುರಿಗೇ ತಟ್ಟುತ್ತದೆ, ಪ್ರತಿ ತಿರುವಿನ ಓಲಾಟ ಹೊಟ್ಟೆಯನ್ನು ಕಲಕುತ್ತದೆ. ಘಾಟಿಯಲ್ಲಿ ವಾಕರಿಕೆ ಬರುವವರು ಹೆಚ್ಚಾಗಿ ಅಲ್ಲೇ ಇರುತ್ತಾರೆ. ಅವರ ಕೈಗೆ ನಿಂಬೆಹಣ್ಣು ಕೊಟ್ಟು ಸಮಾಧಾನ ಹೇಳಲಾಗುತ್ತದೆಯೇ ಹೊರತು ಗಾಡಿಯ ಆಯ್ಕೆಯಲ್ಲಿ ತಪ್ಪಿದೆಯೆಂದು ಯಾರಿಗೂ ಹೊಳೆಯುವುದಿಲ್ಲ.

ಸುರಕ್ಷತೆಯ ನಕ್ಷತ್ರಗಳು ಈ ಸಾಲನ್ನು ಮುಟ್ಟುವುದಿಲ್ಲ. ಗ್ಲೋಬಲ್ ಎನ್‌ಕ್ಯಾಪ್ ಆಗಲಿ, 2023ರ ಅಕ್ಟೋಬರಿನಲ್ಲಿ ಆರಂಭವಾದ ಭಾರತ್ ಎನ್‌ಕ್ಯಾಪ್ ಆಗಲಿ, ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಮುಂಭಾಗವನ್ನು ಗುದ್ದಿಸುವ ಪರೀಕ್ಷೆಯಲ್ಲಿ ದೊಡ್ಡವರ ಗೊಂಬೆಗಳನ್ನು ಮುಂದಿನ ಸೀಟಿನಲ್ಲೂ ಮಕ್ಕಳ ಗೊಂಬೆಗಳನ್ನು ಎರಡನೇ ಸಾಲಿನಲ್ಲೂ ಇಡುತ್ತವೆ. ಮೂರನೇ ಸಾಲಿನಲ್ಲಿ ಕುಳಿತವರಿಗೆ ಏನಾಗುತ್ತದೆ ಎಂಬುದಕ್ಕೆ ಆ ಅಂಕಗಳಲ್ಲಿ ಉತ್ತರವಿಲ್ಲ. 2022ರಲ್ಲಿ ಸ್ಕಾರ್ಪಿಯೊ-ಎನ್ ದೊಡ್ಡವರ ರಕ್ಷಣೆಗೆ ಐದು ನಕ್ಷತ್ರ ಪಡೆದಾಗ ಮಕ್ಕಳ ರಕ್ಷಣೆಗೆ ಸಿಕ್ಕಿದ್ದು ಮೂರು. ಐದು ಎಂಬುದು ಜಾಹೀರಾತಿಗೆ ಬಂತು. 2024ರಲ್ಲಿ ಬೊಲೆರೊ ನಿಯೊ ಎರಡೂ ವಿಭಾಗಗಳಲ್ಲಿ ಒಂದೊಂದೇ ನಕ್ಷತ್ರ ಪಡೆಯಿತು. ಹಳ್ಳಿಗಾಡಿನ ಗಟ್ಟಿ ಗಾಡಿ ಎಂಬ ಹೆಸರು ಹೊತ್ತ ಮನೆತನದ ಗಾಡಿ ಅದು. ಗಟ್ಟಿ ಎಂಬ ಹೆಸರಿದ್ದ ಮಾತ್ರಕ್ಕೆ ಒಳಗಿನವರು ಉಳಿಯುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಬೊಲೆರೊದಲ್ಲೂ ಅದರ ನಿಯೊ ಮಾದರಿಯಲ್ಲೂ ಕೊನೆಯ ಸಾಲು ಪಕ್ಕಕ್ಕೆ ಮುಖ ಮಾಡಿದ ಮಡಚುವ ಸೀಟುಗಳು. ಟ್ರ್ಯಾಕ್ಸ್ ಕ್ರೂಸರಿನಂಥ ಗಾಡಿಗಳಲ್ಲಿ ಎದುರುಬದುರು ಬೆಂಚುಗಳೇ ಇರುತ್ತವೆ. ಹೀಗೆ ಅಡ್ಡಕ್ಕೆ ಕುಳಿತವರ ದೇಹ ಮುಂಭಾಗದ ಗುದ್ದಿನಲ್ಲಿ ಸೊಂಟದಿಂದ ಮೇಲೆ ಪಕ್ಕಕ್ಕೆ ತಿರುಚಿಕೊಳ್ಳುತ್ತದೆ. ಭುಜದ ಮೇಲೆ ಹಾಯುವ ಬೆಲ್ಟು ಕೊಡುವ ರಕ್ಷಣೆ ಅಲ್ಲಿ ಸಿಗುವುದಿಲ್ಲ. ಅಂಥ ಸೀಟಿನಲ್ಲಿ ಮಕ್ಕಳನ್ನು ಕೂರಿಸಿ ಹೆದ್ದಾರಿಯಲ್ಲಿ ಗಂಟೆಗೆ 90 ಕಿಲೋಮೀಟರ್ ಓಡುವುದು ರೂಢಿಯಾಗಿದೆ. ರೂಢಿಯಾಗಿದೆ ಎಂಬ ಕಾರಣಕ್ಕೆ ಅದು ಕ್ಷಮಾರ್ಹವಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಡಿ, ಹದಿನಾಲ್ಕು ತುಂಬದ ಮಗುವನ್ನು ಬೆಲ್ಟಿನಿಂದಲೋ ಮಕ್ಕಳ ಸೀಟಿನಿಂದಲೋ ಭದ್ರಪಡಿಸದೆ ಗಾಡಿ ಓಡಿಸಿದರೆ ಸಾವಿರ ರೂಪಾಯಿ ದಂಡವಿದೆ. ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕದಿರುವುದರ ಪರಿಣಾಮವನ್ನು 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಅವರ ಸಾವು ದೇಶಕ್ಕೇ ತೋರಿಸಿತು. ಅವರು ಪ್ರಯಾಣಿಸುತ್ತಿದ್ದದ್ದು ದುಬಾರಿ ಐಷಾರಾಮಿ ಕಾರಿನಲ್ಲಿ.

ಫೋರ್ ಬೈ ಫೋರ್‌ಗಳಲ್ಲಿ ನಿಜವಾಗಿ ಕಾಡುದಾರಿಗೆ ಕಟ್ಟಿದ ಗಾಡಿಯನ್ನೇ ತೆಗೆದುಕೊಂಡರೂ ಮಾತು ಬದಲಾಗುವುದಿಲ್ಲ. 2024ರ ಮೇ ತಿಂಗಳಲ್ಲಿ ಬಂದ ಐದು ಬಾಗಿಲಿನ ಗೂರ್ಖಾದಲ್ಲಿ 233 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್ ಇದೆ, ಮುಂದೆ ಹಿಂದೆ ಎರಡೂ ಕಡೆ ಡಿಫರೆನ್ಷಿಯಲ್ ಲಾಕ್ ಇದೆ, ಏಳು ಸೀಟುಗಳೂ ಮುಂದಕ್ಕೇ ಮುಖ ಮಾಡಿವೆ. ಯಂತ್ರವಾಗಿ ಅದು ಪ್ರಾಮಾಣಿಕ ಗಾಡಿ. ಆದರೆ ಕೊನೆಯ ಎರಡು ಸೀಟಿಗೆ ಹಿಂಬಾಗಿಲಿನಿಂದ ಹತ್ತಿ ಹೋಗಬೇಕು. ಏಳು ಜನ ಕುಳಿತ ಮೇಲೆ ಸಾಮಾನಿಗೆ ಜಾಗ ಚಾವಣಿಯ ಮೇಲೆ ಮಾತ್ರ. ಮಂಡಿನೋವಿನ ಅಜ್ಜಿಯನ್ನು ಆ ಎತ್ತರಕ್ಕೆ ಹತ್ತಿಸುವುದು ಹೇಗೆ ಎಂಬ ಪ್ರಶ್ನೆಗೆ ಡಿಫರೆನ್ಷಿಯಲ್ ಲಾಕ್ ಉತ್ತರವಲ್ಲ. ಸ್ಕಾರ್ಪಿಯೊ-ಎನ್‌ನಲ್ಲಿ ಮೂರನೇ ಸಾಲು ಎಬ್ಬಿಸಿದರೆ ಡಿಕ್ಕಿಯೇ ಇಲ್ಲ ಎನ್ನುವಷ್ಟು ಕಡಿಮೆ ಜಾಗ. ಫಾರ್ಚ್ಯೂನರಿನಲ್ಲಿ ಕೊನೆಯ ಸೀಟುಗಳು ಬದಿಗೆ ಮಡಚಿ ನಿಂತು, ಬಳಸದಿದ್ದಾಗಲೂ ಡಿಕ್ಕಿಯ ಅಗಲವನ್ನು ತಿನ್ನುತ್ತವೆ. ಹೋಲಿಕೆಗೆ, ಮೂರೂ ಸಾಲು ತುಂಬಿದಾಗ ಎರ್ಟಿಗಾದಲ್ಲಿ 209 ಲೀಟರ್, ಕ್ರಿಸ್ಟಾದಲ್ಲಿ ಸುಮಾರು 300 ಲೀಟರ್ ಜಾಗ ಉಳಿಯುತ್ತದೆ. ಜನ ಹೊರಲೆಂದೇ ರೂಪಿಸಿದ ಗಾಡಿಗೂ ಜನರನ್ನು ಹೇಗೋ ತುರುಕಿಕೊಂಡ ಗಾಡಿಗೂ ಇರುವ ಅಂತರ ಇದು.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಒಂದು ಗಟ್ಟಿಯಾದದ್ದು. ತೋಟದ ಮನೆಗೆ ಎರಡು ಮೂರು ಕಿಲೋಮೀಟರ್ ಮಣ್ಣಿನ ಏರುದಾರಿ ಇರುವವರು, ಮಳೆಗಾಲದ ನಾಲ್ಕು ತಿಂಗಳು ಕೆಸರಿನಲ್ಲೇ ಓಡಾಡುವವರು ಏನು ಮಾಡಬೇಕು? ಅವರಿಗೆ ಫೋರ್ ಬೈ ಫೋರ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರಲ್ಲಿ ತಿಳಿದವರು ಮಾಡಿಕೊಂಡು ಬಂದಿರುವುದನ್ನೇ ಉಳಿದವರೂ ನೋಡಬೇಕು: ತೋಟಕ್ಕೆ ಒಂದು ಹಳೆಯ ಜೀಪು, ದೂರದ ಪ್ರಯಾಣಕ್ಕೆ ಬೇರೆ ಕಾರು. ಕಾರನ್ನು ಡಾಂಬರು ರಸ್ತೆಯ ಅಂಚಿನ ಪರಿಚಯದವರ ಮನೆಯಲ್ಲೋ ಶೆಡ್ಡಿನಲ್ಲೋ ಬಿಟ್ಟು ಜೀಪಿನಲ್ಲಿ ಒಳಗೆ ಹೋಗುವ ಪದ್ಧತಿ ಕೊಡಗಿನಲ್ಲೂ ಚಿಕ್ಕಮಗಳೂರಿನಲ್ಲೂ ಹಳೆಯದು. ಎರಡು ಬೇರೆ ಕೆಲಸಗಳಿಗೆ ಎರಡು ಬೇರೆ ಗಾಡಿ ಎಂಬ ವಿವೇಕ ಅದರಲ್ಲಿದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇದ್ದುಕೊಂಡು ತೋಟದವರ ಅಗತ್ಯವನ್ನು ತಮ್ಮದೆಂದು ಭಾವಿಸುವುದು ಮಾತ್ರ ಸರಿಯಲ್ಲ.

ಭಾರದ ಗಾಡಿ ಎದುರಿನ ಗಾಡಿಗೆ ಗುದ್ದಿದಾಗ ಒಳಗಿನವರು ಉಳಿಯುವ ಸಂಭವ ಹೆಚ್ಚು ಎಂಬುದು ಇನ್ನೊಂದು ಆಕ್ಷೇಪ. ಭೌತಶಾಸ್ತ್ರದ ಮಟ್ಟಿಗೆ ಅದು ನಿಜ. ಆದರೆ ಆ ಲಾಭ ಸಿಗುವುದು ಹಗುರದ ಗಾಡಿಯಲ್ಲಿರುವ ಇನ್ನೊಂದು ಕುಟುಂಬದ ವೆಚ್ಚದಲ್ಲಿ. ಲಾರಿ, ಬಸ್ಸು, ಮರ, ಮೋರಿಗಳ ಮುಂದೆ ಅದು ಕರಗಿಹೋಗುತ್ತದೆ. ನಾಳೆ ರಸ್ತೆಯಲ್ಲಿ ಎಲ್ಲರೂ ಅದೇ ದಾರಿ ಹಿಡಿದರೆ ಆ ಲಾಭವೂ ಉಳಿಯುವುದಿಲ್ಲ.

ಹಣದ ಮಾತು ಚಿಕ್ಕದು, ಆದರೆ ಅದನ್ನು ಬಿಡುವಂತಿಲ್ಲ. 20 ಲಕ್ಷ ರೂಪಾಯಿ ದಾಟಿದ ಕಾರಿಗೆ ಕರ್ನಾಟಕದಲ್ಲಿ 18 ಶೇಕಡಾ ಜೀವಾವಧಿ ತೆರಿಗೆ. ಎಂಟೂ ಜನ ಒಟ್ಟಾಗಿ ಹೋಗುವ ಪ್ರಯಾಣಗಳು ಹೆಚ್ಚಿನ ಮನೆಗಳಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು. ಉಳಿದ ದಿನ ಅದೇ ಭಾರಿ ಗಾಡಿಯಲ್ಲಿ ಒಬ್ಬರೋ ಇಬ್ಬರೋ ಕಚೇರಿಗೆ ಹೋಗುತ್ತಾರೆ. ಫೋರ್ ಬೈ ಫೋರ್‌ಗೆ ಕೊಡುವ ಹೆಚ್ಚಿನ ಬೆಲೆ ಮತ್ತು ತೆರಿಗೆಯಿಂದ ಹಲವು ವರ್ಷಗಳ ಕಾಲ ಚಾಲಕನ ಸಮೇತ ಟೆಂಪೊ ಟ್ರಾವೆಲರ್ ಬಾಡಿಗೆಗೆ ಪಡೆಯಬಹುದು, ಪ್ರತಿ ಮಳೆಗಾಲಕ್ಕೆ ಒಳ್ಳೆಯ ಟೈರು ಹಾಕಿಸಬಹುದು.

ಗುಡ್ಡಗಳಿಗೆ ಆಗುವ ಹಾನಿಯೂ ಲೆಕ್ಕಕ್ಕೆ ಬರಬೇಕು. ಪಶ್ಚಿಮ ಘಟ್ಟದ ಶೋಲಾ ಕಾಡುಗಳ ನಡುವಿನ ಹುಲ್ಲುಗಾವಲು ತೆಳುವಾದ ಮಣ್ಣಿನ ಮೇಲೆ ನಿಂತಿದೆ. ಚಕ್ರದ ಗುರುತು ಬಿದ್ದ ಕಡೆ ಮಳೆನೀರು ಕಾಲುವೆ ಮಾಡಿಕೊಂಡು ಹರಿಯುತ್ತದೆ, ಮುಂದಿನ ವರ್ಷ ಅದು ಕೊರಕಲಾಗುತ್ತದೆ. ಅಭಯಾರಣ್ಯದಲ್ಲೂ ಮೀಸಲು ಅರಣ್ಯದಲ್ಲೂ ಅನುಮತಿಯಿಲ್ಲದೆ ಗಾಡಿ ನುಗ್ಗಿಸುವುದು ಕಾನೂನಿನ ಪ್ರಕಾರವೇ ಅಪರಾಧ. ಕುಟುಂಬದ ಗಾಡಿ ಎಲ್ಲಿಗಾದರೂ ಹೋಗಬಲ್ಲದು ಎಂದು ಮಾರುವ ಜಾಹೀರಾತು ಈ ಮಾತನ್ನು ಮುಚ್ಚಿಡುತ್ತದೆ.

ಹಾಗಾದರೆ ಆಯ್ಕೆಯನ್ನು ಹಿಂದಿನ ಸಾಲಿನಿಂದ ಆರಂಭಿಸಬೇಕು. ಮನೆಯಲ್ಲಿ ಎಷ್ಟು ಜನರೋ ಅಷ್ಟು ಮುಂದಕ್ಕೆ ಮುಖ ಮಾಡಿದ ಸೀಟು, ಪ್ರತಿ ಸೀಟಿಗೂ ಮೂರು ಬಿಂದುವಿನ ಬೆಲ್ಟು ಮತ್ತು ತಲೆಯಾಸರೆ ಇರಲೇಬೇಕು. ಇಲ್ಲದ ಗಾಡಿಯನ್ನು ಅಲ್ಲಿಗೇ ಕೈಬಿಡಬೇಕು. ಪಕ್ಕದ ಪರದೆ ಏರ್‌ಬ್ಯಾಗು ಕೊನೆಯ ಸಾಲಿನವರೆಗೆ ಚಾಚುತ್ತದೆಯೇ, ಇಎಸ್‌ಸಿ ಆ ದರ್ಜೆಯಲ್ಲೇ ಇದೆಯೇ, ಹೊರಬಹುದಾದ ಭಾರ ಎಷ್ಟು ಎಂದು ಮಾರಾಟಗಾರರಿಂದ ಬರಹದಲ್ಲಿ ಕೇಳಬೇಕು. ಏಳು ಜನ ದಾಟಿದ ಕುಟುಂಬ ಒಂದೇ ಗಾಡಿಯಲ್ಲಿ ತುಂಬಿಕೊಳ್ಳುವ ಹಟ ಬಿಟ್ಟು ಎರಡು ಗಾಡಿಯಲ್ಲಿ ಹೋಗಬೇಕು, ಇಲ್ಲವೇ ಬಾಡಿಗೆಯ ದೊಡ್ಡ ಗಾಡಿ ಹಿಡಿಯಬೇಕು. ಕ್ರಿಸ್ಟಾ, ಹೈಕ್ರಾಸ್, ಕ್ಯಾರೆನ್ಸ್, ಎರ್ಟಿಗಾಗಳಂಥ ಜನ ಹೊರುವ ಗಾಡಿಗಳನ್ನು ಗತ್ತಿಲ್ಲವೆಂದು ತಳ್ಳಿಹಾಕುವ ಮುನ್ನ ಅವುಗಳ ಕೊನೆಯ ಸಾಲನ್ನು ಎಸ್‌ಯುವಿಯ ಕೊನೆಯ ಸಾಲಿನ ಜೊತೆ ಹೋಲಿಸಿ ನೋಡಬೇಕು.

ಬುಕಿಂಗ್ ಹಣ ಕೊಡುವ ಮುನ್ನ ಮಾಡಬೇಕಾದ ಪರೀಕ್ಷೆ ಒಂದಿದೆ. ಮನೆಯ ಎಲ್ಲರೂ, ಪ್ರವಾಸಕ್ಕೆ ಒಯ್ಯುವಷ್ಟೇ ಸಾಮಾನಿನೊಂದಿಗೆ, ಆ ಗಾಡಿಯಲ್ಲಿ ಕೂರಲಿ. ಕೊನೆಯ ಸಾಲಿನಲ್ಲಿ ಮನೆಯ ಯಜಮಾನನೇ ಕೂರಲಿ. ತಿರುವು, ಗುಂಡಿ, ಏರು ಇರುವ ರಸ್ತೆಯಲ್ಲಿ ಒಂದು ಗಂಟೆ ಗಾಡಿ ಓಡಲಿ. ಇಳಿದ ಮೇಲೆ ಮನೆಯ ಹಿರಿಯರನ್ನೂ ಮಕ್ಕಳನ್ನೂ ಕೇಳಿ ತೀರ್ಮಾನ ಮಾಡಲಿ. ಅಂಥ ಪರೀಕ್ಷೆಗೆ ಗಾಡಿ ಕೊಡದ ಮಾರಾಟಗಾರರಿಂದ ಕೊಳ್ಳುವ ಅಗತ್ಯ ಯಾವ ಕುಟುಂಬಕ್ಕೂ ಇಲ್ಲ.